ನಮ್ಮ ಹೈಸ್ಕೂಲಿನ ಮಕ್ಕಳ ಚಟುವಟಿಕೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್ ಮೊದಲ ವಾರ ಶಾಲೆ ತೆರೆದಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ಒದ್ದೆ ಕೊಡೆ ಹಿಡಿದುಕೊಂಡು ನಿಂತ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಇವು. ಪ್ರತಿ ವರ್ಷವೂ ಹೆಚ್ಚುಕಮ್ಮಿ ಇವೇ. ತರಗತಿಗೆ ಹೋಗುವ ಅವಸರದಲ್ಲಿ ಅರ್ಧ ಉತ್ತರ ಕೊಟ್ಟು ಕಳಿಸಿದ್ದೂ ಉಂಟು. ಹಾಗಾಗಿ ಪೂರ್ತಿ ಉತ್ತರವನ್ನು ಒಂದೇ ಕಡೆ ಬರೆದಿದ್ದೇವೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲು. ಎಂಟರಿಂದ ಹತ್ತರವರೆಗೆ ತರಗತಿಗಳಿವೆ. ಕಣ್ಣು ಕಾಣದವರು, ಕಿವಿ ಕೇಳದವರು, ಗಾಲಿಕುರ್ಚಿಯಲ್ಲಿ ಬರುವವರು, ಕಲಿಯಲು ಸ್ವಲ್ಪ ಜಾಸ್ತಿ ಹೊತ್ತು ಬೇಕಾದವರು, ಉಳಿದವರು, ಎಲ್ಲರೂ ಒಂದೇ ತರಗತಿಯಲ್ಲಿ ಕೂರುತ್ತಾರೆ. ನಾನು ಇಲ್ಲಿ ಕನ್ನಡ ಕಲಿಸುವ ಟೀಚರ್. ಪಾಠದ ಹೊರಗಿನ ಚಟುವಟಿಕೆಗಳ ಹೊಣೆಯೂ ನನ್ನದೇ.

ಇದು ಸ್ಪೆಶಲ್ ಸ್ಕೂಲಾ?

ಅಲ್ಲ. ಸ್ಪೆಶಲ್ ಸ್ಕೂಲಿನಲ್ಲಿ ಆಯಾ ತೊಂದರೆ ಇರುವ ಮಕ್ಕಳಿಗೆಂದೇ ಪಾಠ ನಡೆಯುತ್ತದೆ. ಕಾಸರಗೋಡಿನ ವಿದ್ಯಾನಗರದಲ್ಲಿರುವ ಸರಕಾರಿ ಅಂಧರ ಶಾಲೆ ಅಂಥದ್ದು. ನಮ್ಮದು ಊರಿನ ಎಲ್ಲ ಮಕ್ಕಳೂ ಬರುವ ಶಾಲೆ. ಯಾವುದು ಬೇಕೆಂದು ಆರಿಸುವ ಹಕ್ಕು ನಿಮ್ಮದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ 40 ಶೇಕಡಾ ಅಥವಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗು ಮನೆ ಹತ್ತಿರದ ಶಾಲೆಯಲ್ಲೋ ಇಷ್ಟಪಟ್ಟ ಸ್ಪೆಶಲ್ ಸ್ಕೂಲಿನಲ್ಲೋ ಉಚಿತವಾಗಿ ಓದಬಹುದು. ಎಲ್ಲ ಮಕ್ಕಳಿಗೂ ನಮ್ಮ ಶಾಲೆಯೇ ಸರಿ ಎಂದು ನಾವು ಹೇಳುವುದಿಲ್ಲ. ಮೊದಲು ಒಂದು ದಿನ ಮಗುವಿನ ಜೊತೆ ಬಂದು ತರಗತಿಯಲ್ಲಿ ಕೂತು ನೋಡಿ.

ಮಗಳನ್ನು ಆಟಕ್ಕೆ, ಹಾಡಿಗೆ ಸೇರಿಸಿ ಎಂದು ಕೇಳಲು ಸಂಕೋಚ. ಪಾಠ ಹೇಳಿಕೊಡುವುದೇ ದೊಡ್ಡ ಉಪಕಾರ ಅಲ್ವಾ?

ಸಂಕೋಚ ಬೇಡವೇ ಬೇಡ. ಉಪಕಾರದ ಮಾತೇ ಇಲ್ಲಿಲ್ಲ. ಅದೇ ಕಾಯ್ದೆಯ 16ನೆಯ ಸೆಕ್ಷನ್ ಓದಿ. ಸರಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ಪಾಠದ ಜೊತೆಗೆ ಆಟೋಟ ಮತ್ತು ಮನರಂಜನೆಯ ಅವಕಾಶವನ್ನೂ ಉಳಿದವರಿಗೆ ಸಮನಾಗಿ ಕೊಡಬೇಕು ಎಂದು ಅಲ್ಲಿ ಇದೆ. ಪಾಠ ಒಂದು ಸಾಲು, ಆಟ ಇನ್ನೊಂದು ಸಾಲು ಅಂತ ಇಲ್ಲ. ಎರಡೂ ಒಂದೇ ವಾಕ್ಯದಲ್ಲಿವೆ.

ನಾವು ಇದನ್ನು ಓದಿ ಕಲಿತದ್ದಲ್ಲ, ತಪ್ಪು ಮಾಡಿ ಕಲಿತದ್ದು. ಕೆಲವು ವರ್ಷದ ಹಿಂದೆ ಆಟೋಟದ ದಿನ ಗಾಲಿಕುರ್ಚಿಯ ಒಬ್ಬ ಹುಡುಗನನ್ನು ಅತಿಥಿಗಳ ಪಕ್ಕ, ಪೆಂಡಾಲಿನ ನೆರಳಲ್ಲಿ ಕೂರಿಸಿದ್ದೆವು. ಹೊಸ ಟೋಪಿ ಹಾಕಿದ್ದೆವು. ಕುಡಿಯಲು ಬೊಂಡ ಕೊಟ್ಟಿದ್ದೆವು. ಚೆನ್ನಾಗಿ ನೋಡಿಕೊಂಡೆವು ಎಂಬ ಸಮಾಧಾನ ನಮಗೆ. ಸಂಜೆ ಮೈದಾನದಲ್ಲಿ ಕೆಂಪು ಹೌಸು, ನೀಲಿ ಹೌಸು ಎಂದು ಮಕ್ಕಳು ತಮ್ಮ ತಮ್ಮ ತಂಡದ ಹೆಸರು ಕೂಗುತ್ತಿದ್ದಾಗ ಅವನು ನನ್ನ ಸೆರಗು ಹಿಡಿದು ಕೇಳಿದ, "ಟೀಚರೇ, ನಾನು ಯಾವ ಹೌಸು?"

ನಾವು ಅವನನ್ನು ಯಾವ ಹೌಸಿಗೂ ಹಾಕಿರಲಿಲ್ಲ. ಪಟ್ಟಿ ಮಾಡುವಾಗ ಓಡುವವರ, ಹಾರುವವರ ಹೆಸರು ಮಾತ್ರ ಬರೆದಿದ್ದೆವು. ನನಗೆ ಉತ್ತರವೇ ಬರಲಿಲ್ಲ. ಆ ವರ್ಷದ ನಂತರ ಹೌಸಿನ ಪಟ್ಟಿಯನ್ನು ಜೂನ್‌ನಲ್ಲೇ ಹಾಜರಿ ಪುಸ್ತಕ ಎದುರಿಟ್ಟುಕೊಂಡು ಮಾಡುತ್ತೇವೆ. ಒಂದು ಹೆಸರೂ ಬಿಡುವಂತಿಲ್ಲ. ಪ್ರತಿ ಹೆಸರಿನ ಎದುರು ಆ ಮಗು ಮಾಡುವ ಕೆಲಸವನ್ನೂ ಬರೆಯುತ್ತೇವೆ. "ನೋಡಲು ಕೂರುವುದು" ಎಂದು ಯಾರ ಎದುರೂ ಬರೆಯುವುದಿಲ್ಲ.

ಏನೇನು ಚಟುವಟಿಕೆಗಳಿವೆ?

ಕೇರಳದ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ ಇರುವುದೆಲ್ಲ ಇದೆ: ವಿದ್ಯಾರಂಗ ಸಾಹಿತ್ಯ ವೇದಿಕೆ, ಲಿಟ್ಲ್ ಕೈಟ್ಸ್ ಕಂಪ್ಯೂಟರ್ ಕ್ಲಬ್ಬು, ಜೂನಿಯರ್ ರೆಡ್ ಕ್ರಾಸ್, ಸ್ಕೌಟ್ಸ್ ಗೈಡ್ಸ್, ವಿಜ್ಞಾನ ಮತ್ತು ವೃತ್ತಿ ಪರಿಚಯ ಮೇಳ, ಕಲೋತ್ಸವ, ಆಟೋಟ. ಇದರ ಜೊತೆ ಯಕ್ಷಗಾನ ತರಬೇತಿ, ತರಕಾರಿ ತೋಟ, ಗುರುವಾರ ಮಧ್ಯಾಹ್ನ ಊಟದ ನಂತರ ಸನ್ನೆ ಭಾಷೆಯ ತರಗತಿ.

ಸನ್ನೆ ಭಾಷೆ ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಲ್ಲ. ಅದನ್ನು ಕಲಿಯಬೇಕಾದವರು ಉಳಿದವರೇ. ಒಬ್ಬಳಿಗೆ ಗೊತ್ತಿದ್ದು ಅವಳ ಸುತ್ತ ಯಾರಿಗೂ ಗೊತ್ತಿಲ್ಲದಿದ್ದರೆ ಅವಳು ಯಾರ ಹತ್ತಿರ ಮಾತಾಡಬೇಕು? ಅಲ್ಲಿ ಪ್ರತಿಯೊಬ್ಬರಿಗೂ ಸನ್ನೆಯಲ್ಲಿ ಒಂದು ಹೆಸರು ಇಡುತ್ತಾರೆ. ನನ್ನ ಹೆಸರು, ತೋರುಬೆರಳಿನಿಂದ ಕನ್ನಡಕವನ್ನು ಮೂಗಿನ ಮೇಲೆ ದೂಡುವುದು. ಈಗ ಶಾಲೆಯ ಚಿಕ್ಕ ಮಕ್ಕಳೂ ದೂರದಿಂದ ನನ್ನನ್ನು ಹಾಗೆಯೇ ಕರೆಯುತ್ತಾರೆ.

ಮಗನಿಗೆ ಕಿವಿ ಕೇಳುವುದಿಲ್ಲ. ಯಕ್ಷಗಾನ ಕಲಿಯಬೇಕೆಂದು ಹಟ ಹಿಡಿದಿದ್ದಾನೆ. ಹೇಗೆ ಸಾಧ್ಯ?

ಸಾಧ್ಯ ಉಂಟು. ನಮ್ಮಲ್ಲಿ ಆಗಿದೆ.

ಯಕ್ಷಗಾನದ ಕವಿ ಕುಂಬಳೆಯ ಪಾರ್ತಿಸುಬ್ಬನ ನಾಡು ಇದು. ಇಲ್ಲಿಯ ಯಕ್ಷಗಾನದ ಶೈಲಿಯಾದ ತೆಂಕುತಿಟ್ಟಿನ ಚೆಂಡೆ ಕೇಳದೆ ಬೆಳೆದ ಮಗು ಇಲ್ಲಿ ಕಡಿಮೆ. ಕಿವಿ ಕೇಳದ ಮಗುವೂ ಯಕ್ಷಗಾನದ ಆಟ ನೋಡಿಕೊಂಡೇ ಬೆಳೆಯುತ್ತದೆ. ಬಣ್ಣ, ಕಿರೀಟ, ಹಾರಿ ಸುತ್ತುವ ದಿಗಿಣ ಎಲ್ಲ ಅದರ ಕಣ್ಣಿಗೂ ಬೀಳುತ್ತದೆ. ಆಸೆ ಆಗದೆ ಇರುತ್ತದಾ?

ನಮ್ಮ ಹುಡುಗನಿಗೆ ಯಕ್ಷಗಾನದ ಮಾಷ್ಟ್ರು ಮೊದಲು ಮಾಡಿದ ಕೆಲಸ, ಸಿಮೆಂಟ್ ನೆಲದಿಂದ ತರಬೇತಿಯನ್ನು ಹಲಗೆಯ ರಂಗಸ್ಥಳಕ್ಕೆ ಸಾಗಿಸಿದ್ದು. ಚೆಂಡೆ, ಮದ್ದಳೆಯವರನ್ನು ಅದೇ ಹಲಗೆಯ ಮೇಲೆ ಕೂರಿಸಿದರು. ಹುಡುಗ ಬರಿಗಾಲಲ್ಲಿ ನಿಂತ. ಮೊದಲ ದಿನ ಕುಣಿತವೇ ಇಲ್ಲ. ಕಣ್ಣು ಮುಚ್ಚಿ ನಿಂತು, ಪೆಟ್ಟು ಬಿದ್ದಾಗ ಕೈ ಎತ್ತಬೇಕು, ಅಷ್ಟೇ. ಮದ್ದಳೆಯ ಪೆಟ್ಟು ಹಿಮ್ಮಡಿಗೆ ಗೊತ್ತಾಗುತ್ತದೆ ಎಂದು ಅವನೇ ಸನ್ನೆಯಲ್ಲಿ ಹೇಳಿದ. ಚೆಂಡೆಯದ್ದು ಅಷ್ಟು ಗೊತ್ತಾಗುತ್ತಿರಲಿಲ್ಲ. ಅದಕ್ಕೆ ಚೆಂಡೆಯವರ ಕೋಲು ನೋಡಿ ಕಲಿತ. ಬೆನ್ನು ತಿರುಗಿಸುವ ಹೆಜ್ಜೆ ಬಂದಾಗ ಎದುರಿನ ಜೊತೆಗಾರ ತಲೆಯಾಡಿಸಿ ತಾಳ ತೋರಿಸುತ್ತಾನೆ. ನೋಡುವವರಿಗೆ ಅದು ಪಾತ್ರದ ಅಭಿನಯವೇ ಎಂದು ಕಾಣುತ್ತದೆ.

ಮಾತಿನ ಭಾಗ? ಎಲ್ಲ ವೇಷಕ್ಕೂ ಉದ್ದ ಅರ್ಥ, ಅಂದರೆ ಮಾತುಗಾರಿಕೆ, ಇರುವುದಿಲ್ಲ. ಕುಣಿತವೇ ಮುಖ್ಯವಾದ ವೇಷಗಳಿವೆ. ಯಾವ ಪ್ರಸಂಗ, ಯಾವ ವೇಷ ಎಂದು ಮಗುವನ್ನು ನೋಡಿ ಆರಿಸಬೇಕು. ಮೊದಲೇ ಪ್ರಸಂಗ ನಿಗದಿ ಮಾಡಿ ಕೊನೆಗೆ ಇವನನ್ನು ಎಲ್ಲಿ ನಿಲ್ಲಿಸುವುದು ಎಂದು ಹುಡುಕಿದರೆ ಕೊನೆಗೆ ಸಿಗುವುದು ಪರದೆ ಹಿಡಿಯುವ ಕೆಲಸವೇ.

ಕೇರಳ ಶಾಲಾ ಕಲೋತ್ಸವದಲ್ಲಿ ಯಕ್ಷಗಾನಕ್ಕೂ ಸ್ಪರ್ಧೆ ಉಂಟು, ಕನ್ನಡ ಭಾಷಣಕ್ಕೂ ಕನ್ನಡ ಪದ್ಯ ಹೇಳುವುದಕ್ಕೂ ಉಂಟು. 1957ರಲ್ಲಿ ಶುರುವಾದ ಉತ್ಸವ ಅದು. 2019ರಲ್ಲಿ 60ನೆಯದು ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲೇ ನಡೆಯಿತು. ಸ್ಪರ್ಧೆಗೆ ಆರಿಸುವಾಗ ನಾವು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ನಿಮ್ಮ ಮಗನೂ ಉಳಿದವರ ಹಾಗೆಯೇ ತಾಳ ತಪ್ಪಿದರೆ ಬೈಸಿಕೊಳ್ಳುತ್ತಾನೆ. ಅದು ಅವನಿಗೆ ಸಲ್ಲಬೇಕಾದದ್ದು.

ಮಗಳಿಗೆ ಆಟಿಸಂ ಇದೆ. ಚೆಂಡೆ, ಮೈಕಿನ ಸದ್ದು ಕೇಳಿದರೆ ಕಿವಿ ಮುಚ್ಚಿಕೊಂಡು ಅಳುತ್ತಾಳೆ. ಶಾಲೆಯ ವಾರ್ಷಿಕೋತ್ಸವಕ್ಕೆ ಕಳಿಸದಿರುವುದೇ ಒಳ್ಳೆಯದಾ?

ಕಳಿಸಿ, ಆದರೆ ನಾವು ಒಟ್ಟಿಗೆ ಮೊದಲೇ ತಯಾರಿ ಮಾಡೋಣ. ಸಭಾಂಗಣದಿಂದ ಎರಡು ಕೋಣೆ ಆಚೆ ಒಂದು ಸದ್ದಿಲ್ಲದ ಕೋಣೆ ಇಟ್ಟಿರುತ್ತೇವೆ. ಚಾಪೆ, ನೀರು, ಅವಳಿಗೆ ಇಷ್ಟದ ಯಾವುದಾದರೂ ವಸ್ತು ಅಲ್ಲಿರಲಿ. ಕಿವಿಗೆ ಹಾಕುವ ದಪ್ಪ ಮಫ್ ಶಾಲೆಯಲ್ಲೇ ಇದೆ. ಹಿಂದಿನ ದಿನ ಖಾಲಿ ವೇದಿಕೆಗೆ ಕರೆದುಕೊಂಡು ಹೋಗಿ ಎಲ್ಲಿ ಮೈಕು, ಎಲ್ಲಿ ಬಾಗಿಲು, ಯಾವುದರ ನಂತರ ಯಾವುದು ಎಂದು ಚಿತ್ರದ ಪಟ್ಟಿ ಮಾಡಿ ತೋರಿಸುತ್ತೇವೆ. ಮುಂದೆ ಏನು ಬರುತ್ತದೆ ಎಂದು ಗೊತ್ತಿದ್ದರೆ ಎಷ್ಟೋ ಮಕ್ಕಳಿಗೆ ಅರ್ಧ ಹೆದರಿಕೆ ಕಡಿಮೆಯಾಗುತ್ತದೆ.

ಅವಳಿಗೆ ವೇದಿಕೆಯೇ ಬೇಡವಾದರೆ ಬಲವಂತ ಮಾಡುವುದಿಲ್ಲ. ನಮ್ಮಲ್ಲಿ ಒಬ್ಬಳು ಎರಡು ವರ್ಷ ವೇಷ ಹಾಕುವ ಬಣ್ಣದ ಕೋಣೆಯ ಕೆಲಸವನ್ನೇ ಮಾಡಿದಳು. ಗೆಜ್ಜೆಗಳನ್ನು ಜೋಡಿ ಜೋಡಿಯಾಗಿ ಇಡುವುದು, ಯಾರಿಗೆ ಯಾವುದು ಎಂದು ಚೀಟಿ ಕಟ್ಟುವುದು. ಒಂದು ಗೆಜ್ಜೆಯೂ ತಪ್ಪಿಲ್ಲ. ಹೊರಗೆ ಚೆಂಡೆ ಬಡಿಯುವಾಗ ಮಫ್ ಹಾಕಿಕೊಂಡು ಕೆಲಸ ಮುಂದುವರಿಸುತ್ತಿದ್ದಳು.

ಆಟೋಟದಲ್ಲಿ ಪ್ರತ್ಯೇಕ ಓಟ ಇಡುತ್ತೀರಾ, ಎಲ್ಲರ ಜೊತೆಗಾ?

ಎರಡೂ ಇದೆ. ಜೊತೆಗೆ ಆಡುವುದಕ್ಕೆ ನಮ್ಮ ಒಲವು ಜಾಸ್ತಿ. 2024ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ ನಡೆದ ರಾಜ್ಯ ಶಾಲಾ ಕ್ರೀಡಾಮೇಳದಲ್ಲಿ ಅಂಗವೈಕಲ್ಯ ಇರುವ ಮಕ್ಕಳ ಸ್ಪರ್ಧೆಗಳನ್ನು ಮುಖ್ಯ ಮೇಳದ ಒಳಗೇ ಸೇರಿಸಿದರು. ಅದರ ನಂತರ ನಮ್ಮ ಮಕ್ಕಳೂ ರಾಜ್ಯಮಟ್ಟದ ಹೆಸರು ಹೇಳಿಕೊಂಡೇ ಅಭ್ಯಾಸಕ್ಕೆ ಬರುತ್ತಾರೆ.

ಕಣ್ಣು ಕಾಣದ ಮಗು ಜೊತೆಗಾರನೊಂದಿಗೆ ಓಡುತ್ತದೆ. ಇಬ್ಬರ ಕೈಯಲ್ಲೂ ಒಂದು ಸಣ್ಣ ಹಗ್ಗದ ಎರಡು ತುದಿ. ಜೊತೆಗಾರ ಎಳೆಯಬಾರದು. ಗೆರೆ ದಾಟುವಾಗ ಓಟಗಾರನಿಗಿಂತ ಮುಂದೆ ಹೋಗಬಾರದು. ಹೇಳುವುದಕ್ಕೆ ಸುಲಭ. ಆದರೆ ಚುರುಕು ಹುಡುಗನಿಗೆ ತನ್ನ ಕಾಲನ್ನು ಇನ್ನೊಬ್ಬರ ಕಾಲಿಗೆ ಹೊಂದಿಸುವುದು ತುಂಬ ಕಷ್ಟದ ಪಾಠ. ನಮ್ಮ ಮೈದಾನದಲ್ಲಿ ಕೆಂಪುಕಲ್ಲು ಅಲ್ಲಲ್ಲಿ ಮೇಲೆದ್ದಿದೆ. "ಕಲ್ಲು, ಎಡಕ್ಕೆ" ಎಂದು ಜೊತೆಗಾರ ಎರಡೇ ಪದದಲ್ಲಿ ಹೇಳಬೇಕು. ಆ ಎರಡು ಪದಕ್ಕಾಗಿ ಅವರು ಮಳೆಗಾಲವಿಡೀ ಶಾಲೆಯ ಉದ್ದ ಜಗಲಿಯಲ್ಲಿ ಅಭ್ಯಾಸ ಮಾಡುತ್ತಾರೆ.

ಗಾಲಿಕುರ್ಚಿಯವರಿಗೆ ಎಸೆತ, ಕೇರಂ, ಚೆಸ್ ಇದೆ. ಮೈದಾನಕ್ಕೆ ಇಳಿಯಲು ರ‍್ಯಾಂಪ್ ಇದೆ. ಮೊದಲು ಕಟ್ಟಿದ್ದು ತೀರಾ ಕಡಿದಾಗಿತ್ತು. ಕೆಳಗೆ ಇಳಿಯುವಾಗ ಕುರ್ಚಿ ಓಡಿಬಿಡುತ್ತಿತ್ತು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು ಎಂಬ ಲೆಕ್ಕ ತಿಳಿದ ನಂತರ ಒಡೆದು ಮತ್ತೆ ಕಟ್ಟಿದೆವು. ನಿಮ್ಮ ಊರಿನ ಶಾಲೆಯಲ್ಲಿ, ಪಂಚಾಯತಿನಲ್ಲಿ ರ‍್ಯಾಂಪ್ ಕಟ್ಟುವಾಗ ಈ ಲೆಕ್ಕವನ್ನು ಮೇಸ್ತ್ರಿಗೆ ಮೊದಲೇ ಹೇಳಿ.

ಮಗಳಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಕ್ಲಬ್ಬಿನಲ್ಲಿ ಅವಳಿಗೆ ಏನು ಕೆಲಸ?

ಲಿಟ್ಲ್ ಕೈಟ್ಸ್ 2018ರಲ್ಲಿ ಕೇರಳದ ಹೈಸ್ಕೂಲುಗಳಲ್ಲಿ ಶುರುವಾಯಿತು. ಎಂಟನೆಯ ತರಗತಿಯಲ್ಲಿ ಒಂದು ಅಭಿರುಚಿ ಪರೀಕ್ಷೆ ಬರೆದು ಸೇರಬೇಕು. ನಮ್ಮ ಶಾಲೆಗಳ ಕಂಪ್ಯೂಟರಿನಲ್ಲಿರುವುದು ಲಿನಕ್ಸ್. ಅದರಲ್ಲಿ ಓರ್ಕಾ ಎಂಬ ಸ್ಕ್ರೀನ್ ರೀಡರ್ ನಡೆಯುತ್ತದೆ. ಪರದೆಯಲ್ಲಿ ಇರುವುದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಇ-ಸ್ಪೀಕ್ ಎಂಬ ಧ್ವನಿ ಸೇರಿಸಿದರೆ ಕನ್ನಡವನ್ನೂ ಓದುತ್ತದೆ. ಎರಡಕ್ಕೂ ಒಂದು ಪೈಸೆ ಕೊಡಬೇಕಾಗಿಲ್ಲ.

ತೊಂದರೆ ಬಂದದ್ದು ಬೇರೆ ಕಡೆ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಪಿಡಿಎಫ್ ಕೊಟ್ಟರೆ ಯಂತ್ರ ಏನೇನೋ ಒದರುತ್ತದೆ. ನಮ್ಮ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಯಂತ್ರಕ್ಕೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿನಲ್ಲಿ ಇದ್ದರೆ ಮಾತ್ರ ಸರಿಯಾಗಿ ಓದುತ್ತದೆ. ಹಾಗಾಗಿ ಕ್ಲಬ್ಬಿನ ಮಕ್ಕಳು ಪಾಠಗಳನ್ನು, ನೋಟ್ಸುಗಳನ್ನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡುತ್ತಾರೆ. ಅದನ್ನು ತಿದ್ದುವ ಕೆಲಸ ಕಣ್ಣು ಕಾಣದ ನಮ್ಮ ಒಬ್ಬ ಹುಡುಗಿಯದು. ಅವಳು ಧ್ವನಿಯನ್ನು ಎಷ್ಟು ವೇಗಕ್ಕೆ ಇಡುತ್ತಾಳೆ ಎಂದರೆ ಪಕ್ಕದಲ್ಲಿ ಕೂತ ನನಗೆ ಒಂದು ಪದವೂ ಸಿಗುವುದಿಲ್ಲ. ಫಕ್ಕನೆ ನಿಲ್ಲಿಸುತ್ತಾಳೆ. ಬಾಣದ ಕೀಲಿ ಒತ್ತಿ ಒಂದೊಂದೇ ಅಕ್ಷರ ಕೇಳುತ್ತಾಳೆ. "ಟೀಚರೇ, ಇಲ್ಲಿ ಒತ್ತಕ್ಷರ ಬಿಟ್ಟಿದ್ದಾರೆ" ಎನ್ನುತ್ತಾಳೆ. ನಾನು ಎರಡು ಸಲ ಓದಿ ಸರಿ ಎಂದು ಬಿಟ್ಟ ಪುಟ ಅದು. ಕ್ಲಬ್ಬಿನ ಡಿಜಿಟಲ್ ಮ್ಯಾಗಜೀನು ಅವಳು ಕೇಳಿ ಒಪ್ಪಿದ ಮೇಲೆಯೇ ಹೊರಗೆ ಹೋಗುತ್ತದೆ.

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೊರಗೆ ಮಲೆಯಾಳ. ಮೊದಲೇ ಮಾತು ತಡವಾದ ಮಗುವಿಗೆ ಇಷ್ಟು ಭಾಷೆ ಜಾಸ್ತಿ ಆಗುವುದಿಲ್ವಾ?

ಈ ಪ್ರಶ್ನೆ ಕೇಳಿದಾಗ ನನಗೆ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ಯಾಕೆಂದರೆ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಮಗುವಿನ ಜೊತೆ ತಮ್ಮ ಭಾಷೆ ಮಾತಾಡುವುದನ್ನೇ ಬಿಟ್ಟಿದ್ದಾರೆ. ಒಂದು ಥೆರಪಿ ಕೇಂದ್ರದಲ್ಲಿ ತುಳು ಮನೆಯ ಮಗುವಿಗೆ ಚಿತ್ರ ತೋರಿಸಿ ಮಲೆಯಾಳದಲ್ಲೇ ಹೆಸರು ಕೇಳಿದರು. ಮಗು ಸುಮ್ಮನೆ ಕೂತಿತು. ಹೇಳಲು ಬರುವುದಿಲ್ಲ ಎಂದು ಬರೆದರು. ಹೊರಗೆ ಬಂದು ಬೆಕ್ಕನ್ನು ಕಂಡ ಕೂಡಲೇ ಅದೇ ಮಗು "ಪುಚ್ಚೆ" ಎಂದಿತು.

ಮನೆಯ ಭಾಷೆಯನ್ನು ಬಿಡಬೇಡಿ. ತುಳು, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ, ಮರಾಠಿ, ಉರ್ದು ಯಾವುದಾದರೂ ಸರಿ. ಮಗು ಅತ್ತು ನಗುವ ಭಾಷೆ ಅದು. ನಮ್ಮ ಚಟುವಟಿಕೆಗಳಲ್ಲಿ ಮಕ್ಕಳು ಯಾವ ಭಾಷೆಯಲ್ಲಿ ಉತ್ತರ ಕೊಟ್ಟರೂ ತೆಗೆದುಕೊಳ್ಳುತ್ತೇವೆ. ಚಿತ್ರದ ಕಾರ್ಡುಗಳ ಹಿಂಬದಿಯಲ್ಲಿ ಮೂರು ನಾಲ್ಕು ಭಾಷೆಯ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆದಿಟ್ಟಿದ್ದೇವೆ. ಥೆರಪಿಗೆ ಹೋಗುವಾಗ ಅದನ್ನು ಒಯ್ಯಿರಿ, ಅವರಿಗೂ ಉಪಯೋಗ. ಇನ್ನೊಂದು ವಿಷಯ: ಅಗತ್ಯವಿರುವ ಮಗುವಿಗೆ ಎರಡನೆಯ, ಮೂರನೆಯ ಭಾಷೆಯಿಂದ ವಿನಾಯಿತಿ ಕೊಡಲು 2016ರ ಕಾಯ್ದೆಯಲ್ಲಿ ಅವಕಾಶ ಉಂಟು. ಅದನ್ನು ಎಂಟನೆಯ ತರಗತಿಯಲ್ಲೇ ನಮ್ಮ ಹತ್ತಿರ ಮಾತಾಡಿ. ಹತ್ತಕ್ಕೆ ಬಂದ ಮೇಲೆ ಓಡಾಟ ಜಾಸ್ತಿ.

ಶಾಲಾ ಪ್ರವಾಸಕ್ಕೆ ಕಳಿಸಲು ಹೆದರಿಕೆ. ಅದೂ ಹೆಣ್ಣು ಮಗು.

ಹೆದರಿಕೆ ಸರಿಯೇ. ಅದಕ್ಕೆ ಪ್ರತಿ ಪ್ರವಾಸಕ್ಕೂ ಮೊದಲು ನಾವಿಬ್ಬರು ಟೀಚರುಗಳು ಆ ಜಾಗಕ್ಕೆ ಹೋಗಿ ನೋಡಿ ಬರುತ್ತೇವೆ. ಮೊದಲು ನೋಡುವುದು ಶೌಚಾಲಯ. ಬಾಗಿಲ ಅಗಲ ಅಳೆಯುತ್ತೇವೆ. ಅದು ಸರಿ ಇಲ್ಲದಿದ್ದರೆ ಆ ಜಾಗವನ್ನೇ ಬಿಡುತ್ತೇವೆ, ಮಗುವನ್ನಲ್ಲ. ಹೆಣ್ಣು ಮಕ್ಕಳ ಜೊತೆಗೆ ಸಹಾಯಕ್ಕೆ ಮಹಿಳೆಯೇ ಇರುತ್ತಾರೆ. ಅಮ್ಮ ಬರುವುದಾದರೆ ಅವರಿಗೂ ಸೀಟು ಇದೆ. ಮುಟ್ಟಿನ ದಿನ ಬಿದ್ದರೂ ಹೇಳಿ, ಸಂಕೋಚ ಬೇಡ. ಬೇಕಾದ್ದೆಲ್ಲ ನಮ್ಮ ಚೀಲದಲ್ಲಿ ಇರುತ್ತದೆ. ಫಿಟ್ಸ್ ಬರುವ ಮಗುವಾದರೆ ಔಷಧದ ಚೀಟಿ ಮತ್ತು ಡಾಕ್ಟರ ಫೋನ್ ನಂಬರು ಹಿಂದಿನ ದಿನವೇ ಕೊಡಿ.

ಹತ್ತಿರದ ಜಾಗಗಳಿಗೇ ನಾವು ಹೋಗುವುದು ಜಾಸ್ತಿ. ಮಂಜೇಶ್ವರದಲ್ಲಿ ಕವಿ ಗೋವಿಂದ ಪೈಗಳ ಸ್ಮಾರಕ ಗಿಳಿವಿಂಡು, ಕೂಡ್ಲಿನಲ್ಲಿ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆಯಾದ ಸಿಪಿಸಿಆರ್‌ಐ ತೋಟ. 1916ರಲ್ಲಿ ತೆಂಗಿನ ಸಂಶೋಧನೆಗೆಂದು ಶುರುವಾದ ಜಾಗ ಅದು. ತೋಟದಲ್ಲಿ ಎಲ್ಲರೂ ಮುಟ್ಟಿ ಮೂಸಿ ನೋಡಬಹುದು. ಬೇಕಲ ಕೋಟೆಯಲ್ಲಿ ಏರು ತಗ್ಗು ಜಾಸ್ತಿ. ಗಾಲಿಕುರ್ಚಿ ಎಲ್ಲ ಕಡೆ ಹೋಗುವುದಿಲ್ಲ. ಅಲ್ಲಿ ಎಲ್ಲರೂ ಒಟ್ಟಿಗೆ ಹೋಗಬಹುದಾದ ಕಡೆಗೆ ಮಾತ್ರ ಹೋಗುವುದೆಂದು ಮಕ್ಕಳೇ ಕೂತು ತೀರ್ಮಾನ ಮಾಡಿದ್ದಾರೆ.

ನಮ್ಮ ಮಗು ಹಾಸಿಗೆಯಲ್ಲೇ ಇದೆ. ಶಾಲೆಗೆ ಬರಲು ಆಗುವುದಿಲ್ಲ. ಅದಕ್ಕೂ ಏನಾದರೂ ಇದೆಯಾ?

ಇದೆ. ಹಾಜರಿ ಪುಸ್ತಕದಲ್ಲಿ ಆ ಮಗುವಿನ ಹೆಸರೂ ಇರುತ್ತದೆ. ಬಿ.ಆರ್.ಸಿ.ಯ (ಬ್ಲಾಕ್ ಸಂಪನ್ಮೂಲ ಕೇಂದ್ರದ) ಸ್ಪೆಶಲ್ ಟೀಚರ್ ಮನೆಗೆ ಬಂದು ಕಲಿಸುತ್ತಾರೆ. ಅದರ ಜೊತೆಗೆ ಚಙ್ಙಾತಿಕ್ಕೂಟಂ, ನಮ್ಮ ಮಾತಿನಲ್ಲಿ ಗೆಳೆಯರ ಕೂಟ, ಎಂಬ ಕಾರ್ಯಕ್ರಮ ಕೇರಳದ ಶಾಲೆಗಳಲ್ಲಿ ಇದೆ. ಸಹಪಾಠಿಗಳೇ ಆ ಮಗುವಿನ ಮನೆಗೆ ಹೋಗಿ ಹಾಡಿ, ಆಡಿ, ಒಟ್ಟಿಗೆ ಉಂಡು ಬರುತ್ತಾರೆ.

ನಮ್ಮ ಕಡೆ ಈ ಪ್ರಶ್ನೆ ಯಾಕೆ ಜಾಸ್ತಿ ಎಂದು ಊರಿನವರಿಗೆ ಗೊತ್ತು. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಪಡ್ರೆ, ಸ್ವರ್ಗ, ಪೆರ್ಲದ ಕಡೆಯ ಮನೆಗಳಿಗೆ ಹೋದರೆ ಇವತ್ತಿಗೂ ಕಾಣುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ದೇಶದಲ್ಲೆಲ್ಲ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. ಹಣದ ವಿಷಯ ಒಂದು ಕಡೆ. ಆ ಮನೆಗಳ ಮಕ್ಕಳು ವರ್ಷಗಟ್ಟಲೆ ತಮ್ಮ ವಯಸ್ಸಿನ ಇನ್ನೊಂದು ಮಗುವಿನ ಮುಖ ನೋಡದೆ ಮಲಗಿದ್ದರು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ನಮ್ಮ ಮಕ್ಕಳು ತಿಂಗಳಲ್ಲಿ ಎರಡು ಶನಿವಾರ ಹೋಗುತ್ತಾರೆ. ಐದು ಜನಕ್ಕಿಂತ ಜಾಸ್ತಿ ಇಲ್ಲ. ಬಾಳೆಹಣ್ಣು, ಬಿಸ್ಕೆಟಿನ ಪೊಟ್ಟಣ ಹಿಡಿದು ಫೋಟೋ ತೆಗೆಸಿಕೊಳ್ಳುವುದನ್ನು ನಿಷೇಧಿಸಿದ್ದೇವೆ. ಹೋದವರು ಶಾಲೆಯ ಸುದ್ದಿ ಹೇಳಬೇಕು, ಆ ಮಗುವಿನಿಂದ ಏನಾದರೂ ತರಬೇಕು. ಒಂದು ಸಲ ಒಂದು ಹುಡುಗಿ ಬೆರಳಿನಿಂದ ಅರಿಸಿನ ನೀರಿನಲ್ಲಿ ಎಳೆದ ಗೆರೆಗಳ ಹಾಳೆ ಬಂತು. ಶಾಲೆಯ ಮ್ಯಾಗಜೀನಿನ ಮುಖಪುಟ ಅದೇ. ನಿಮ್ಮ ಮಗು ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಮಕ್ಕಳಿಗೆಂದು ಪಂಚಾಯತು ನಡೆಸುವ ಬಡ್ಸ್ ಶಾಲೆಗೆ ಹೋಗುತ್ತಿದ್ದರೂ ತಿಳಿಸಿ, ಅಲ್ಲಿಯವರ ಹತ್ತಿರ ಮಾತಾಡಿ ಕೂಟದ ಗೆಳೆಯರು ಅಲ್ಲಿಗೇ ಬರುತ್ತಾರೆ.

ಚಟುವಟಿಕೆಗೆ ಸೇರಲು ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕಾ?

ಚಟುವಟಿಕೆಗೆ ಬೇಡ. ಸರಕಾರದ ಸವಲತ್ತಿಗೆ, ಪರೀಕ್ಷೆಯ ರಿಯಾಯಿತಿಗೆ ಬೇಕು. ಈಗ ಎಲ್ಲ ಕಡೆ ಕೇಳುವುದು ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ. ಸ್ವಾವಲಂಬನ್ ಎಂಬ ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಅರ್ಜಿ ತುಂಬಲು ನಮ್ಮ ಕಂಪ್ಯೂಟರ್ ಕ್ಲಬ್ಬಿನ ಮಕ್ಕಳು ಸಹಾಯ ಮಾಡುತ್ತಾರೆ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಓದುವಾಗ ಅಕ್ಷರ ತಿರುಗುಮುರುಗಾಗುವ ಕಲಿಕಾ ತೊಂದರೆಯೂ ಅದರಲ್ಲಿ ಸೇರಿದೆ. "ಸೋಮಾರಿ" ಎಂದು ಬೈಸಿಕೊಂಡು ಬಂದ ಎಷ್ಟೋ ಮಕ್ಕಳ ತೊಂದರೆ ಇದೇ ಆಗಿರುತ್ತದೆ. ದಯವಿಟ್ಟು ಒಮ್ಮೆ ಪರೀಕ್ಷೆ ಮಾಡಿಸಿ.

ಹಣ ಕೊಡಬೇಕಾ?

ಇಲ್ಲ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಅಂಗವೈಕಲ್ಯ ಇರುವ ಒಂದು ಮಗುವಿಗೆ ವರ್ಷಕ್ಕೆ 3500 ರೂಪಾಯಿಯ ಲೆಕ್ಕದಲ್ಲಿ ಸೌಲಭ್ಯ ಇದೆ. ಇದು ಕೈಗೆ ಬರುವ ಹಣ ಅಲ್ಲ. ಸಲಕರಣೆ, ಪ್ರಯಾಣ, ಥೆರಪಿ ಇಂಥದ್ದಕ್ಕೆ ಖರ್ಚಾಗುತ್ತದೆ. ಇಂಥ ಹೆಣ್ಣು ಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಸ್ಟೈಪೆಂಡ್ ಬೇರೆ ಇದೆ. ಅದಕ್ಕೆ ಮಗುವಿನ ಬ್ಯಾಂಕ್ ಖಾತೆ ಬೇಕು. ಯಕ್ಷಗಾನದ ವೇಷಭೂಷಣದ ಬಾಡಿಗೆಯನ್ನು ಪಿ.ಟಿ.ಎ. (ಹೆತ್ತವರ ಮತ್ತು ಶಿಕ್ಷಕರ ಸಂಘ) ನೋಡಿಕೊಳ್ಳುತ್ತದೆ.

ನನ್ನ ಮಗನಿಗೆ ಯಾವ ತೊಂದರೆಯೂ ಇಲ್ಲ. ಇಂಥ ಮಕ್ಕಳ ಜೊತೆ ಕೂತರೆ ಅವನ ಓದು ಹಿಂದೆ ಬೀಳುವುದಿಲ್ವಾ?

ಬೇಸರ ಮಾಡದೆ ಉತ್ತರ ಕೊಡುತ್ತೇನೆ, ಯಾಕೆಂದರೆ ಮಗನ ಬಗೆಗಿನ ಕಾಳಜಿಯಿಂದಲೇ ನೀವು ಕೇಳುತ್ತೀರಿ. ಕಣ್ಣು ಕಾಣದ ಮಗುವಿಗೆ ಅರ್ಥವಾಗಲೆಂದು ಬೋರ್ಡಿನಲ್ಲಿ ಬರೆಯುವುದನ್ನೆಲ್ಲ ಬಾಯಲ್ಲೂ ಹೇಳುತ್ತೇವೆ. ಕಿವಿ ಕೇಳದ ಮಗುವಿಗಾಗಿ ಹೇಳಿದ್ದನ್ನೆಲ್ಲ ಬರೆಯುತ್ತೇವೆ, ಚಿತ್ರ ಹಾಕುತ್ತೇವೆ. ಅದರ ಲಾಭ ಹಿಂದಿನ ಬೆಂಚಿನ ನಿಮ್ಮ ಮಗನಿಗೂ ಇದೆ.

ಗೇಲಿ ಮಾಡುವ ಮಕ್ಕಳು ಇಲ್ಲ ಎಂದರೆ ಸುಳ್ಳಾಗುತ್ತದೆ. ಇದ್ದಾರೆ. ನಡೆಯುವುದನ್ನು ಅನುಕರಿಸಿ ನಗುವವರನ್ನು ನಾವು ಕರೆದು ಕೂರಿಸುತ್ತೇವೆ, ಮನೆಯವರಿಗೂ ಹೇಳುತ್ತೇವೆ. ಆದರೆ ಬೈದದ್ದಕ್ಕಿಂತ ಒಂದೇ ತಂಡದಲ್ಲಿ ಹಾಕಿದ್ದು ಜಾಸ್ತಿ ಕೆಲಸ ಮಾಡಿದೆ. ಹಗ್ಗ ಹಿಡಿದು ಒಟ್ಟಿಗೆ ಓಡಿದವನು ಆಮೇಲೆ ನಕ್ಕದ್ದನ್ನು ನಾನು ಕಂಡಿಲ್ಲ.

ಹತ್ತನೆಯ ತರಗತಿಯಲ್ಲೂ ಚಟುವಟಿಕೆ ಬೇಕಾ? ಎಸ್‌ಎಸ್‌ಎಲ್‌ಸಿಗೆ ಏನು ಸಹಾಯ ಸಿಗುತ್ತದೆ?

ಕ್ರಿಸ್ಮಸ್ ಪರೀಕ್ಷೆಯವರೆಗೆ ಇರಲಿ, ಆಮೇಲೆ ಕಡಿಮೆ ಮಾಡೋಣ. ಕೆಲವು ಸ್ಪರ್ಧೆ ಮತ್ತು ಕ್ಲಬ್ಬುಗಳಿಗೆ ಗ್ರೇಸ್ ಮಾರ್ಕ್ ಉಂಟು. ಅದರ ನಿಯಮ ಆಗಾಗ ಬದಲಾಗುತ್ತದೆ, ಆ ವರ್ಷದ್ದನ್ನು ಕೇಳಿ ತಿಳಿಯಿರಿ.

ಬರೆಯಲು ಆಗದವರಿಗೆ ಬರೆದುಕೊಡುವವರನ್ನು ಕೊಡುತ್ತಾರೆ. ಸಾಮಾನ್ಯವಾಗಿ ಕೆಳಗಿನ ತರಗತಿಯ ವಿದ್ಯಾರ್ಥಿ. ಗಂಟೆಗೆ 20 ನಿಮಿಷದಂತೆ ಹೆಚ್ಚಿನ ಸಮಯವೂ ಸಿಗುತ್ತದೆ. ಅರ್ಜಿ ಹೆಡ್ ಮಾಷ್ಟ್ರ ಮೂಲಕ ಮುಂಚಿತವಾಗಿ ಹೋಗಬೇಕು. ಬರೆದುಕೊಡುವವರಿಗೆ ಕನ್ನಡ ಚೆನ್ನಾಗಿ ಬರೆಯಲು ಬರಬೇಕು, ಇದನ್ನು ನಾವು ಪಟ್ಟು ಹಿಡಿದು ನೋಡಿಕೊಳ್ಳುತ್ತೇವೆ. ಅವರಿಬ್ಬರನ್ನೂ ಓಣಂ ಪರೀಕ್ಷೆಯಿಂದಲೇ ಜೊತೆಗೆ ಕೂರಿಸುತ್ತೇವೆ. ಒಬ್ಬರು ಹೇಳುವ ವೇಗ, ಇನ್ನೊಬ್ಬರು ಬರೆಯುವ ವೇಗ ಹೊಂದಲು ತಿಂಗಳುಗಳೇ ಬೇಕು.

ಹತ್ತು ಮುಗಿದ ಮೇಲೆ?

ಪ್ಲಸ್ ಒನ್, ಅಂದರೆ ಹನ್ನೊಂದನೆಯ ತರಗತಿಗೆ ಅರ್ಜಿ ಹಾಕುವಾಗ ಯುಡಿಐಡಿ ಕಾರ್ಡ್ ಜೊತೆಗಿರಲಿ. ಮುಂದೆ ಸರಕಾರಿ ಮತ್ತು ಸರಕಾರದ ಅನುದಾನವಿರುವ ಕಾಲೇಜುಗಳಲ್ಲಿ ಕನಿಷ್ಠ 5 ಶೇಕಡಾ ಸೀಟು ಮೀಸಲು, ವಯಸ್ಸಿನಲ್ಲಿ 5 ವರ್ಷ ಸಡಿಲಿಕೆ ಇದೆ. ಹಳೆಯ ಮಕ್ಕಳು ಮೇ ತಿಂಗಳಲ್ಲಿ ಒಂದು ದಿನ ಶಾಲೆಗೆ ಬಂದು ತಾವು ಹೋದ ದಾರಿ ಹೇಳುತ್ತಾರೆ. ಆ ದಿನ ತಪ್ಪಿಸಬೇಡಿ.

ಯಾರನ್ನು, ಯಾವಾಗ ಬಂದು ಕಾಣಬೇಕು?

ಬುಧವಾರ ಮಧ್ಯಾಹ್ನ ಎರಡು ಗಂಟೆಯ ನಂತರ ಬನ್ನಿ. ಆ ಹೊತ್ತು ನನಗೆ ಪಾಠ ಇಲ್ಲ, ಬಿ.ಆರ್.ಸಿ.ಯ ಸ್ಪೆಶಲ್ ಟೀಚರ್ ಕೂಡ ಶಾಲೆಯಲ್ಲೇ ಇರುತ್ತಾರೆ. ಕೂಲಿ ಬಿಟ್ಟು ಬರಲು ಆಗದವರು ಹೇಳಿದರೆ ಭಾನುವಾರ ನಾವೇ ಮನೆಗೆ ಬರುತ್ತೇವೆ. ದಾಖಲೆಗಿಂತ ಮೊದಲು ಒಂದು ಹಾಳೆಯಲ್ಲಿ ನಿಮ್ಮ ಮಗುವಿಗೆ ಇಷ್ಟವಾದ ಮೂರು ವಿಷಯ, ಆಗದ ಎರಡು ವಿಷಯ ಬರೆದು ತನ್ನಿ. ಬರೆಯಲು ಬಾರದಿದ್ದರೆ ಹೇಳಿ, ನಾನು ಬರೆದುಕೊಳ್ಳುತ್ತೇನೆ. ಮಗುವನ್ನೂ ಕರೆದುಕೊಂಡು ಬನ್ನಿ. ಹೌಸಿನ ಪಟ್ಟಿ ಮೇಜಿನ ಮೇಲೇ ಇರುತ್ತದೆ, ಯಾವ ಬಣ್ಣ ಬೇಕೆಂದು ಮಗುವನ್ನೇ ಕೇಳೋಣ.